ಎರಡು ಹರಿವಾಣಗಳ ಓನಾಡೆಲೆ

ಓಕೆಮೋ ಊರಿನಲ್ಲಿ ಹೆಸರು ಕೇಳಿದವರು ಕಸುಬು ಕೇಳಬೇಕಾಗಿಲ್ಲ. ಹೆಸರು 'ಫಾ' ಎಂದೋ 'ಅವೊ' ಎಂದೋ ಶುರುವಾದರೆ ಅದು ಇಫಾ ನೋಡಿ ಶಕುನ ಹೇಳುವವರ ಮನೆ. 'ಓನಾ' ಎಂದು ಶುರುವಾದರೆ ಮರ ಕೆತ್ತುವವರ ಮನೆ. ಓನಾಡೆಲೆಗೆ ಹೆಸರಿಟ್ಟ ದಿನವೇ ಅರ್ಜಿ ಹಾಕಿ, ಸಂದರ್ಶನ ಮುಗಿಸಿ, ನೇಮಕವನ್ನೂ ಮಾಡಿದಂತಾಗಿತ್ತು. ಅಭ್ಯರ್ಥಿ ಮಾತ್ರ ಆಗ ನಿದ್ದೆ ಮಾಡುತ್ತಿದ್ದ.

ಮಿಷನ್ ಶಾಲೆಗೆ ಸೇರಿಸಿದಾಗ ಸಿಸ್ಟರ್ ಒಬ್ಬರು ಅವನಿಗೆ ಬಾರ್ಥಲೋಮ್ಯೂ ಎಂದು ಇನ್ನೊಂದು ಹೆಸರಿಟ್ಟರು. ಅದನ್ನು ತಪ್ಪಿಲ್ಲದೆ ಬರೆಯಲು ಕಲಿಯುವಷ್ಟರಲ್ಲಿ ಅವನ ವಿದ್ಯಾಭ್ಯಾಸ ಮುಗಿದಿತ್ತು. ಮುಂದೆ ಅವನ ಕೈ ಕುದುರಿದ ಮೇಲೆ ಅದೇ ಮಿಷನ್ ಚರ್ಚಿನ ಫಾದರ್ ಕ್ರಿಸ್ಮಸ್ಸಿಗೆಂದು ಗೋದಲಿಯ ಗೊಂಬೆಗಳನ್ನು ಕೆತ್ತಿಸಿದರು. ಓನಾಡೆಲೆಗೆ ಹೆಂಗಸು ಎಂದರೆ ಮಂಡಿಯೂರಿದ ಹೆಂಗಸು. ಇಫಾ ಬಟ್ಟಲನ್ನು ತಲೆಯ ಮೇಲೆ ಹೊತ್ತು, ಕೈಯಲ್ಲಿ ಕೋಳಿ ಹಿಡಿದ ಹೆಂಗಸು. ಮೇರಿಯೂ ಹಾಗೆಯೇ ಬಂದಳು.

"ಬಾರ್ಥಲೋಮ್ಯೂ, ಮಾತೆಯ ಕೈಯಲ್ಲಿ ಕೋಳಿ ಯಾಕಪ್ಪ?" ಎಂದು ಫಾದರ್ ಕೇಳಿದರು.

"ಬಾಣಂತಿಗೆ ಕೋಳಿ ಸಾರು ಬೇಡ್ವಾ ಫಾದರ್?"

ಫಾದರ್ ಬಹಳ ಹೊತ್ತು ಯೋಚಿಸಿ ಗೊಂಬೆಯನ್ನು ಒಳಗೆ ಇಡಿಸಿದರು. ಪ್ರತಿ ಕ್ರಿಸ್ಮಸ್ಸಿಗೂ ಅದು ಹೊರಗೆ ಬರುತ್ತದೆ. ಕೋಳಿಯ ಮೇಲೆ ಒಂದಿಷ್ಟು ಒಣಹುಲ್ಲು ಹೊದಿಸಿರುತ್ತಾರೆ.

ಚರ್ಚಿನ ಕೆಲಸ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಓನಾಡೆಲೆ ತನ್ನ ಉಳಿಯಿಂದ ಉಳಿದುಕೊಂಡಿದ್ದು ಇಫಾ ಸಾಮಾನುಗಳಿಂದಲೇ. ಬೀಜದ ಬಟ್ಟಲು, ದೇವರನ್ನು ಕರೆಯಲು ಕುಟ್ಟುವ ತಟ್ಟುಗೋಲು, ಎಲ್ಲಕ್ಕಿಂತ ಮುಖ್ಯವಾಗಿ ಹರಿವಾಣ. ಈ ಹರಿವಾಣದಲ್ಲಿ ಊಟ ಮಾಡುವುದಿಲ್ಲ. ಅದರ ಮೇಲೆ ಗೆದ್ದಲು ಉದುರಿಸಿದ ಮರದ ಹುಡಿ ಹರಡಿ, ತಾಳೆಬೀಜಗಳನ್ನು ಕೈಯಿಂದ ಕೈಗೆ ಬಾಚಿ, ಎಡಗೈಯಲ್ಲಿ ಉಳಿದದ್ದು ಒಂದೋ ಎರಡೋ ನೋಡಿಕೊಂಡು ಹುಡಿಯಲ್ಲಿ ಜೋಡಿಗೀಟು, ಒಂಟಿಗೀಟು ಎಳೆಯುತ್ತಾರೆ. ತಾಳೆಬೀಜ ಹಿಡಿದು ಜನರ ಬಾಳನ್ನು ತಾಳೆ ನೋಡುವ ವಿದ್ಯೆ ಅದು. ಹರಿವಾಣದ ಅಂಚಿನ ಸುತ್ತ ಕೆತ್ತನೆ, ನೆತ್ತಿಯಲ್ಲಿ ಎಶುವಿನ ಮುಖ. ದೇವರಿಗೆ ಸುದ್ದಿ ಒಯ್ಯುವವನೂ ಎಶುವೇ, ದಾರಿಯಲ್ಲಿ ಕಾಲು ಅಡ್ಡ ಕೊಡುವವನೂ ಎಶುವೇ. ಅಂಥವನ ಮುಖ ಕಣ್ಣೆದುರಿಗೇ ಇರುವುದು ಕ್ಷೇಮ.

ಓನಾಡೆಲೆ ಕೆತ್ತಿದ ಹರಿವಾಣವನ್ನು ಕೈಗೆತ್ತಿಕೊಂಡವರು ತಿರುಗಿಸಿ ನೋಡುತ್ತಿದ್ದರು, ಅಂಚು ಸವರುತ್ತಿದ್ದರು, ತಲೆದೂಗುತ್ತಿದ್ದರು. ಆಮೇಲೆ ಹೇಳುತ್ತಿದ್ದರು: "ಚೆನ್ನಾಗಿದೆ. ಆದ್ರೆ ನಿಮ್ಮಪ್ಪನ ಕೈ ಬೇರೆ ಬಿಡು."

ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಹೀಗೆ ಹೇಳುವವರಲ್ಲಿ ಅರ್ಧ ಜನ ಆಮೇಲೆ ಹುಟ್ಟಿದವರು. ಆದರೂ ಅಪ್ಪನ ಕೈ ಬೇರೆ ಎಂಬುದು ಊರಿನಲ್ಲಿ ಮಳೆ ಮೇಲಿಂದ ಬೀಳುತ್ತದೆ ಎಂಬಷ್ಟು ಖಚಿತವಾಗಿತ್ತು. ಓನಾಡೆಲೆಯ ಕೂದಲು ಬೆಳ್ಳಗಾಯಿತು, ಮಗಳು ಬೋಸೆಗೆ ಮದುವೆಯಾಯಿತು, ಅಪ್ಪನ ಕೈ ಮಾತ್ರ ಬೇರೆಯಾಗಿಯೇ ಉಳಿಯಿತು.  ಅವನು ಮರ ಕೆತ್ತುವ ಬಾಚಿ ಹಿಡಿದು ಕೂತಾಗ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಅಷ್ಟೆ.

ಹೀಗಿರುವಾಗ ಊರಿನ ಹಿರಿಯ ಇಫಾ ಪಂಡಿತ ತೀರಿಕೊಂಡ. ಅವನ ಇಬ್ಬರು ಮಕ್ಕಳೂ ಅದೇ ವಿದ್ಯೆಯವರು. ಹಿರಿಯ ಫಾಶೀನ ಮೈಯಲ್ಲಿ ಭಾರಿ, ಮಾತಿನಲ್ಲೂ ಭಾರಿ. ಒಂದು ವಾಕ್ಯ ಶುರು ಮಾಡಿದರೆ ಎದುರಿದ್ದವರು ಕೋಲಾ ಕಾಯಿ ಒಡೆದು ತಿಂದು ಮುಗಿಸಬಹುದಿತ್ತು. ಕಿರಿಯ ಅವೊಯೆಮಿ ಮೋಟಾರ್ ಸೈಕಲ್ಲಿನವನು, ಮಾತೂ ಹಾಗೆಯೇ. ಅಪ್ಪನ ಹರಿವಾಣ ಹಿರಿಯನಾದ ತನಗೆ ಸೇರಬೇಕೆಂದು ಫಾಶೀನ. ಕೊನೆಯವರೆಗೂ ಅಪ್ಪನ ಹಾಸಿಗೆಯ ಪಕ್ಕ ಕೂತು, ಅಪ್ಪನ ಕೈ ನಡುಗುವಾಗ ಅದೇ ಹರಿವಾಣದಲ್ಲಿ ಗೀಟು ಎಳೆದವನು ತಾನೆಂದು ಅವೊಯೆಮಿ. ಅಣ್ಣನನ್ನು ಕಂಡರೆ ತಮ್ಮ ಅಡ್ಡಬೀಳಬೇಕು. ಅವೊಯೆಮಿ ಮೋಟಾರ್ ಸೈಕಲ್ಲಿನಿಂದ ಇಳಿಯದೆ ಇರುವ ಮೂಲಕ ಈ ತೊಂದರೆಯನ್ನು ಬಗೆಹರಿಸಿಕೊಂಡಿದ್ದ. ಮಾರುಕಟ್ಟೆಯ ನಡುವೆಯೂ ಅಣ್ಣ ಕಂಡರೆ ಗಾಡಿಯ ಮೇಲೆಯೇ ಕೂತು ಎಂಜಿನ್ ಸದ್ದು ಏರಿಸುತ್ತಿದ್ದ.

ಕೊನೆಗೆ ಅವರ ಸೋದರತ್ತೆ ಅಯೋಕಾ ತೀರ್ಪು ಕೊಟ್ಟಳು. ಸತ್ತವನ ಅಕ್ಕ ಅವಳು. ತಮ್ಮನಿಗೇ ಹೆದರದವಳು ತಮ್ಮನ ಮಕ್ಕಳಿಗೆ ಹೆದರುವುದುಂಟೇ? ಹರಿವಾಣ ಫಾಶೀನನಿಗೆ. ಅವೊಯೆಮಿಗೆ ಅದರಂಥದ್ದೇ ಇನ್ನೊಂದು. ಮೂಲವನ್ನು ಕೆತ್ತಿದ್ದು ಓನಾಡೆಲೆಯ ಅಪ್ಪ. ಆದ್ದರಿಂದ ಪ್ರತಿಯನ್ನು ಕೆತ್ತಬೇಕಾದವನು ಓನಾಡೆಲೆ.

ಅಣ್ಣ ತಮ್ಮ ಇಬ್ಬರೂ ಅವನ ಚಪ್ಪರಕ್ಕೆ ಬಂದರು. ಬೇರೆ ಬೇರೆಯಾಗಿ ಬಂದರು.

"ಬೋಸೆ ಅಪ್ಪಾ," ಎಂದ ಅವೊಯೆಮಿ, "ನನ್ನ ಹರಿವಾಣ ನೋಡಿ ಇದು ನಕಲು ಅಂತ ಒಬ್ನೂ ಅನ್ಬಾರ್ದು. ಸವೆತ ಸಮೇತ ಬೇಕು. ಬಿರುಕು ಸಮೇತ. ಹುಳ ತಿಂದಿರೋ ತೂತು ಸಮೇತ."

"ಹೊಸ ಮರಕ್ಕೆ ಹುಳದ ತೂತು ಯಾಕಪ್ಪ?"

"ಹೊಸ ಹರಿವಾಣದ ಮುಂದೆ ಯಾರು ಬಂದು ಕೂತ್ಕೋತಾರೆ ಹೇಳಿ. ಇವನೂ ನಿನ್ನೆ ಮೊನ್ನೆ ಕಲಿತವನು ಅಂತ ಎದ್ದು ಅಣ್ಣನ ಮನೆಗೆ ಹೋಗ್ತಾರೆ."

ಆಮೇಲೆ ಬಂದ ಫಾಶೀನ ಕೂತು, ಬೆವರು ಒರೆಸಿ, ಅಪ್ಪನ ಹರಿವಾಣವನ್ನು ಬಟ್ಟೆಯಿಂದ ಬಿಚ್ಚಿ ಚಾಪೆಯ ಮೇಲಿಟ್ಟು, "ಬೋಸೆ ಅಪ್ಪಾ... ನನ್ನದು... ನನಗೆ ಬರಬೇಕು" ಎಂದ.

ಎರಡೂ ನ್ಯಾಯವಾದ ಷರತ್ತುಗಳೇ. ಓನಾಡೆಲೆ ಎರಡಕ್ಕೂ ಒಪ್ಪಿದ.

ಅವನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಅಪ್ಪ ಕುದುರೆಯನ್ನು ಹತ್ತಿರದಿಂದ ನೋಡಿದವನಲ್ಲ. ಹರಿವಾಣದ ಅಂಚಿನ ಸವಾರ ಕೂತಿದ್ದ ಪ್ರಾಣಿಗೆ ಮೇಕೆಯ ಕಿವಿ. ಹಕ್ಕಿಗೆ ಒಂದು ಕಣ್ಣು ದೊಡ್ಡದು. ಎಶುವಿನ ಬಾಯಿ ಎಡಕ್ಕೆ ಒಂದು ಕೂದಲೆಳೆ ವಾರೆ. ಓನಾಡೆಲೆಯ ಬಾಚಿ ಅಲ್ಲಿಗೆ ಬಂದ ಕೂಡಲೇ ತನ್ನಷ್ಟಕ್ಕೆ ಕುದುರೆಗೆ ಕುದುರೆಯ ಕಿವಿಯನ್ನೇ ಕೊಟ್ಟುಬಿಡುತ್ತಿತ್ತು. ಹಾಗೆ ಚೆನ್ನಾಗಿ ಬಂದುಬಿಟ್ಟ ಹರಿವಾಣಗಳನ್ನು ಅವನು ಒಲೆಗೆ ಹಾಕಿದ. ಅಪ್ಪನ ತಪ್ಪು ಕೈಗೆ ಹತ್ತುವ ಹೊತ್ತಿಗೆ ಬೇಸಗೆ ಕಳೆದಿತ್ತು. ಒಂದು ಬೆಳಿಗ್ಗೆ ಮೇಕೆಯ ಕಿವಿ ತಾನಾಗಿ ಬಂತು. ಅವನು ಬಾಚಿ ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ.

ಮಿಕ್ಕದ್ದು ಬರೀ ಶ್ರಮ. ಮರಳು ಹಾಕಿ ತಿಕ್ಕಿ ನಡುವೆ ಸವೆಸಿದ. ಎಲೆಯ ರಸ, ಇದ್ದಿಲು, ತಾಳೆ ಎಣ್ಣೆ ಬಳಿದ. ಕಾದ ದಬ್ಬಳದಿಂದ ಹುಳದ ತೂತು ಕೊರೆದ. ಅಪ್ಪನ ಹರಿವಾಣದ ಒಂದು ಕಡೆ ತಟ್ಟುಗೋಲಿನ ಏಟಿಗೆ ತಗ್ಗಾಗಿತ್ತು. ಅದಕ್ಕಾಗಿ ಸಂಜೆ ರೇಡಿಯೋ ಕೇಳುತ್ತಾ ಹೊಸದರ ಅದೇ ಜಾಗಕ್ಕೆ ಕುಟ್ಟುತ್ತಾ ಕೂತ. ಒಬ್ಬ ಪಂಡಿತನ ಆಯುಷ್ಯವೆಲ್ಲ ಹಿಡಿದ ಕೆಲಸವನ್ನು ಫುಟ್‌ಬಾಲ್ ವೀಕ್ಷಕವಿವರಣೆಯೊಂದಿಗೆ ಒಂದು ಮಳೆಗಾಲದಲ್ಲಿ ಮುಗಿಸಿದ.

ಅಷ್ಟರಲ್ಲಿ ಅಪ್ಪನ ಹರಿವಾಣದಿಂದ ಸಣ್ಣಗೆ ಹಿಟ್ಟು ಉದುರತೊಡಗಿತು. ಹುಳ ಇನ್ನೂ ಒಳಗಿತ್ತು. ಹುಳಕ್ಕೆ ಮದ್ದು ಹೊಗೆ. ಹೊಸದಕ್ಕೂ ಹೊಗೆಯ ಬಣ್ಣ ಬೇಕಿತ್ತು. ಓನಾಡೆಲೆ ಎರಡನ್ನೂ ಅಡಿಗೆಮನೆಯ ಒಲೆಯ ಮೇಲೆ, ಮೀನು ಒಣಗಿಸುವ ತಡಿಕೆಯಿಂದ ಜೋಡಿಯಾಗಿ ತೂಗುಹಾಕಿದ. ಅವನೇನು ದಡ್ಡನಲ್ಲ. ಅಪ್ಪನ ಹರಿವಾಣಕ್ಕೆ ಗುರುತಿಗೆಂದು ರಾಫಿಯಾ ನಾರೊಂದನ್ನು ಕಟ್ಟಿದ.

ಅಡಿಗೆಮನೆ ಅವನ ಹೆಂಡತಿ ಮೊರೆನಿಕೆಯದು. ಬಿಳಿ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಹೋಗುವ ಪ್ರಾರ್ಥನಾ ಸಭೆಗೆ ಅವಳು ಸೇರಿ ವರ್ಷಗಳಾಗಿದ್ದವು. ಗಂಡನ ಸಾಮಾನುಗಳನ್ನು ಅವಳು ನೋಡುತ್ತಿರಲಿಲ್ಲ. ಚಪ್ಪರ ಗುಡಿಸುವಾಗಲೂ ಕಣ್ಣು ಬೇರೆ ಕಡೆ ಇಟ್ಟು ಗುಡಿಸುತ್ತಿದ್ದಳು. ಆ ಸಾಮಾನುಗಳ ಬದಲಿಗೆ ಬಂದ ಗೆಣಸನ್ನು ಮಾತ್ರ ಒಂದೊಂದಾಗಿ ತಿರುಗಿಸಿ ನೋಡಿ ಆರಿಸುತ್ತಿದ್ದಳು.

ಮಳೆ ನಿಂತ ಮೇಲೆ ಓನಾಡೆಲೆ ಹರಿವಾಣಗಳನ್ನು ಇಳಿಸಿ ಅಂಗಳದ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟ. ಎರಡೂ ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಎರಡರಲ್ಲಿಯೂ ಸವಾರ ಮೇಕೆಕಿವಿಯ ಕುದುರೆಯ ಮೇಲೆ ಕೂತಿದ್ದ. ಎರಡು ಎಶುಗಳೂ ಎಡಕ್ಕೆ ಬಾಯಿ ಸೊಟ್ಟ ಮಾಡಿ ಅವನನ್ನೇ ನೋಡುತ್ತಿದ್ದವು.

"ಬೋಸೆ ಅಮ್ಮಾ, ಇಲ್ಲೊಂದು ನಾರು ಕಟ್ಟಿದ್ದೆ. ಎಲ್ಲಿ ಅದು?"

"ಯಾವ ನಾರು?"

"ರಾಫಿಯಾ ನಾರು ಕಣೆ. ಹರಿವಾಣಕ್ಕೆ ಕಟ್ಟಿದ್ದೆ."

"ಓ, ಅದಾ. ಮೊಯಿಮೊಯಿಗೆ ಬೇಳೆ ಹಿಟ್ಟನ್ನ ಎಲೇಲಿ ಕಟ್ಟುವಾಗ ಒಂದು ನಾರು ಕಮ್ಮಿ ಬಿತ್ತು. ತಗೊಂಡೆ."

"ಯಾವುದರಿಂದ ಬಿಚ್ಚಿದೆ? ಎಡಗಡೇದಾ, ಬಲಗಡೇದಾ?"

"ನನಗೇನು ಗೊತ್ತು? ಅವನ್ನ ಕಣ್ಣೆತ್ತಿ ನೋಡ್ಬಾರ್ದು ಅಂತ ಸಭೇಲಿ ಹೇಳಿದಾರೆ. ಕಣ್ಣು ಮುಚ್ಕೊಂಡೇ ಬಿಚ್ಚಿದೆ."

"ಕಣ್ಣು ಮುಚ್ಕೊಂಡು..."

"ನೀವೂ ತಿಂದ್ರಲ್ಲ. ಬೇಳೆ ನುಣ್ಣಗೆ ಅರೆದಿದೀಯ ಅಂತ ಹೊಗಳಿದ್ರಿ ಬೇರೆ."

ಓನಾಡೆಲೆ ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತೂಗಿ ನೋಡಿದ, ಹೊಗೆಯಲ್ಲಿ ಒಣಗಿ ಎರಡೂ ಒಂದೇ ತೂಕವಾಗಿದ್ದವು. ಮೂಸಿದ, ಎರಡೂ ಹೊಗೆ. ನಾಲಿಗೆ ತಾಗಿಸಿದ, ಎರಡೂ ಮೀನು. ಬೋರಲು ಹಾಕಿ ಬೆನ್ನಿನ ಮೇಲಿನ ಬಾಚಿಯ ಏಟುಗಳನ್ನು ನೋಡಿದ. ಅವನು ಬಳಸಿದ್ದು ಅಪ್ಪನ ಬಾಚಿಯನ್ನೇ. ಕಡ್ಡಿ ಹಾಕಿ ತೂತುಗಳನ್ನು ಪರೀಕ್ಷಿಸಿದ. ಹೊಗೆಗೆ ಹೆದರಿ ಹಳೆಯದನ್ನು ಬಿಟ್ಟ ಹುಳಗಳು ಪಕ್ಕದಲ್ಲೇ ತೂಗುತ್ತಿದ್ದ ಹೊಸದಕ್ಕೆ ವಲಸೆ ಹೋಗಿ ಅಲ್ಲಿ ಸತ್ತಿದ್ದವು. ಅವನು ಅರೆಬರೆ ಕೊರೆದಿದ್ದ ತೂತುಗಳನ್ನು ಸಾಯುವ ಮುಂಚೆ ಅವೇ ಪೂರ್ತಿ ಮಾಡಿದ್ದವು.

"ಅಷ್ಟೊಂದು ಯಾಕೆ ಒದ್ದಾಡ್ತೀರ?" ಎಂದಳು ಮೊರೆನಿಕೆ, ಅಂಗಳದ ಇನ್ನೊಂದು ತುದಿಯ ಕಡೆ ಮುಖ ಮಾಡಿ. "ಯಾವುದೋ ಒಂದನ್ನ ಎತ್ತಿ, ಇದೇ ಅಂತ ಫಾಶೀನನ ಕೈಲಿಡಿ. ನಿಮಗೇ ಗೊತ್ತಾಗದ್ದು ಅವರಿಗೆ ಗೊತ್ತಾಗುತ್ತಾ?"

"ಸುಳ್ಳು ಹೇಳು ಅಂತೀಯಾ? ನಿಮ್ಮ ಸಭೇಲಿ ಅದಕ್ಕೆ ಒಪ್ತಾರಾ?"

"ಸಭೇಲಿ ಸುಳ್ಳು ಹೇಳ್ಬಾರ್ದು ಅಂತಾರೆ. ಆದ್ರೆ ವಿಗ್ರಹದ ವಿಷಯದಲ್ಲಿ ಹೇಳಿದ್ರೆ ಅರ್ಧ ಸುಳ್ಳೇ ಇರ್ಬೇಕು."

ಇಂಥ ಗೊಂದಲ ಬಂದಾಗ ಓಕೆಮೋದವರು ಮಾಡುವುದು ಒಂದೇ: ಇಫಾ ಕೇಳುವುದು. ಆದರೆ ಊರಿನಲ್ಲಿ ಇಫಾ ನೋಡುವವರು ಇಬ್ಬರೇ, ಆ ಇಬ್ಬರಿಗೂ ಗೊತ್ತಾಗದಂತೆ ಈಗ ಕೇಳಬೇಕಾಗಿತ್ತು. ಓನಾಡೆಲೆ ಲಾರಿ ಹತ್ತಿ ನಾಲ್ಕಾರು ಊರಿನಾಚೆ, ತನ್ನ ಮುಖ ಪರಿಚಯವಿಲ್ಲದ ಒಬ್ಬ ಮುದುಕ ಪಂಡಿತನಲ್ಲಿಗೆ ಹೋದ. ಪದ್ಧತಿಯಂತೆ ತನ್ನ ಪ್ರಶ್ನೆಯನ್ನು ನಾಣ್ಯಕ್ಕೆ ಪಿಸುಗುಟ್ಟಿ ಚಾಪೆಯ ಮೇಲಿಟ್ಟ. ಮುದುಕ ಬೀಜ ಬಾಚಿದ, ಗೀಟೆಳೆದ, ರಾಗವಾಗಿ ಹಾಡಿದ. ಆಮೆ ತನ್ನ ಚಿಪ್ಪಿನ ಜೊತೆ ಸಂತೆಗೆ ಹೋಯಿತು. ಇದರಲ್ಲಿ ಆಮೆ ಎಷ್ಟು, ಚಿಪ್ಪು ಎಷ್ಟು ಎಂದು ಕೇಳುತ್ತಾ ನಿಂತವನು ಸಂತೆ ಮುಗಿದು ಬರಿಗೈಯಲ್ಲಿ ಮನೆಗೆ ಬಂದ.

"ಅಂದ್ರೆ?" ಎಂದ ಓನಾಡೆಲೆ.

"ಅಂದ್ರೆ ಎಶುಗೆ ಒಂದು ಹುಂಜ ಕೊಡು."

ಓನಾಡೆಲೆಯ ಕಣ್ಣು ಅಷ್ಟರಲ್ಲಿ ಮುದುಕನ ಹರಿವಾಣದ ಮೇಲೆ ಬಿದ್ದಿತ್ತು. ಮುದುಕ ಅದನ್ನು ಗಮನಿಸಿ ಹುಡಿಯನ್ನು ಒಂದು ಕಡೆ ಸರಿಸಿ ಹೆಮ್ಮೆಯಿಂದ ತೋರಿಸಿದ. "ಏನ್ ನೋಡ್ತಿದೀಯ? ಓಕೆಮೋದ ಹಳೇ ಕೆತ್ತನೆಗಾರನ ಕೆಲಸ ಇದು. ಈಗ ಅವನ ಮಗ ಕೆತ್ತುತಾನಂತೆ. ಅವನದೂ ಪರವಾಗಿಲ್ವಂತೆ. ಆದ್ರೆ ಅಪ್ಪನ ಕೈ ಬೇರೆ ಬಿಡು."

ಹರಿವಾಣದ ಅಂಚಿನಲ್ಲಿ ಕನ್ನಡಕ ಹಾಕಿದವನೊಬ್ಬ ಮೋಟಾರ್ ಸೈಕಲ್ ಓಡಿಸುತ್ತಿದ್ದ. ಓನಾಡೆಲೆಯ ಅಪ್ಪ ಕಣ್ಣು ಮುಚ್ಚಿದಾಗ ಆ ಸೀಮೆಗೆ ಇನ್ನೂ ಮೋಟಾರ್ ಸೈಕಲ್ ಬಂದಿರಲಿಲ್ಲ. ಆ ಸವಾರನನ್ನು ಕೆತ್ತುವಾಗ ಹ್ಯಾಂಡಲ್ ಮುರಿದು, ಅದನ್ನು ಸರಿಮಾಡಲು ಓನಾಡೆಲೆ ಪಟ್ಟ ಪಾಡು ಅವನಿಗೆ ಇನ್ನೂ ನೆನಪಿತ್ತು.

"ಬಹಳ ಚೆನ್ನಾಗಿದೆ" ಎಂದಷ್ಟೇ ಹೇಳಿ ಎದ್ದು ಬಂದ.

ಲಾರಿಯಲ್ಲಿ ಗೆಣಸಿನ ರಾಶಿಯ ಮೇಲೆ ಕೂತು ಬರುವಾಗ ಅವನಿಗೆ ಸಿಟ್ಟು ಬರಬೇಕಾದ ಜಾಗದಲ್ಲಿ ಲೆಕ್ಕ ಬಂತು. ಮೋಟಾರ್ ಸೈಕಲ್ಲಿನ ಹರಿವಾಣವನ್ನು ಅಪ್ಪನಿಗೆ ಕೊಟ್ಟಾಯಿತು. ಈಗ ಕಣ್ಣು ಮುಚ್ಚಿ ಒಂದನ್ನು ಎತ್ತಿ ಇದೇ ಅಪ್ಪನದು ಎಂದರೆ, ಒಂದೋ ತನ್ನ ಇನ್ನೊಂದು ಹರಿವಾಣವೂ ಅಪ್ಪನ ಪಾಲಾಗುತ್ತದೆ, ಇಲ್ಲವೇ ಅಪ್ಪನದು ತನ್ನ ಹೆಸರಿನಲ್ಲಿ ಅವೊಯೆಮಿಯ ಮನೆ ಸೇರಿ, ಬಂದವರೆಲ್ಲ ಅಪ್ಪನ ಕೆಲಸ ನೋಡಿ ಅಪ್ಪನ ಕೈ ಬೇರೆ ಎನ್ನುತ್ತಾರೆ. ಎರಡರಲ್ಲಿ ಯಾವುದು ಆದರೂ ಮನೆಯೊಳಗಿನ ಕಳ್ಳತನವೇ. ಅವನು ನಿಜ ಹೇಳುವುದೆಂದು ತೀರ್ಮಾನಿಸಿದ. ನಿಜ ಹೇಳಿದ ಮೇಲೆ ಓಕೆಮೋದಲ್ಲಿ ಅವನಿಂದ ಒಂದು ತಟ್ಟುಗೋಲನ್ನೂ ಯಾರೂ ಮಾಡಿಸುವುದಿಲ್ಲ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅಪ್ಪನ ಕೆಲಸವನ್ನೇ ಗುರುತಿಸಲಾರದ ಕೆತ್ತನೆಗಾರ ಯಾರಿಗೆ ಬೇಕು?

ಒಪ್ಪಿಸುವ ದಿನ ಪಂಡಿತರ ಮನೆಯ ಅಂಗಳದಲ್ಲಿ ಅಯೋಕಾ ನಡುವೆ ಮಣೆಯ ಮೇಲೆ ಕೂತಿದ್ದಳು. ಫಾಶೀನ ಅವಳ ಬಲಕ್ಕೆ. ಅವೊಯೆಮಿ ಎಡಕ್ಕೆ, ಅಂಗಳದೊಳಕ್ಕೆ ಮೋಟಾರ್ ಸೈಕಲ್ ತರಲು ಅತ್ತೆ ಬಿಡದ ಕಾರಣ ಅವನು ಅಣ್ಣನನ್ನು ನೋಡದಿರಲು ಛಾವಣಿಯನ್ನು ನೋಡುತ್ತಿದ್ದ. ಓನಾಡೆಲೆ ಹರಿವಾಣಗಳನ್ನು ಚಾಪೆಯ ಮೇಲಿಟ್ಟು ಅಯೋಕಾಗೆ ಉದ್ದಕ್ಕೆ ಅಡ್ಡಬಿದ್ದ. ಏಳಲಿಲ್ಲ.

"ಸಾಕು ಏಳಪ್ಪ, ಮೈ ಮಣ್ಣಾಗುತ್ತೆ."

"ಇಲ್ಲೇ ಇರ್ತೀನಿ ಅಮ್ಮ. ಆಮೇಲೆ ಮತ್ತೆ ಬೀಳೋ ಕಷ್ಟ ತಪ್ಪುತ್ತೆ."

"ಏನಾಯ್ತು?"

"ಯಾವುದು ಅಪ್ಪ ಮಾಡಿದ್ದು, ಯಾವುದು ನಾನು ಮಾಡಿದ್ದು, ಗೊತ್ತಾಗ್ತಿಲ್ಲ."

 ಓನಾಡೆಲೆ ನೆಲ ನೋಡುತ್ತಾ ಹೊಗೆ, ನಾರು, ಮೊಯಿಮೊಯಿ ಎಲ್ಲವನ್ನೂ ಹೇಳಿದ. ಮುಗಿಸಿ ಬೈಗುಳಕ್ಕೆ ಕಾದ.

"ಏನು ಜಂಬ!" ಎಂದ ಅವೊಯೆಮಿ.

ಓನಾಡೆಲೆ ತಲೆ ಎತ್ತಿದ. "ಏನಪ್ಪಾ?"

"ನಾನು ನಮ್ಮಪ್ಪನಷ್ಟೇ ಚೆನ್ನಾಗಿ ಕೆತ್ತುತೀನಿ ಅಂತ ನಮ್ಮ ಮನೆ ಅಂಗಳದಲ್ಲಿ ಮಲ್ಕೊಂಡು ಹೇಳ್ತಿದೀರಲ್ಲ! ಯಾರಾದ್ರೂ ನಿಂತ್ಕೊಂಡು ಹೇಳೋಕೂ ಹೆದರ್ತಾರೆ ಇಂಥ ಮಾತ್ನ."

"ನಾನು ತಪ್ಪು ಒಪ್ಕೊಳ್ತಿದೀನಿ ಕಣಪ್ಪ."

"ಬೋಸೆ ಅಪ್ಪಾ," ಎಂದ ಫಾಶೀನ ನಿಧಾನವಾಗಿ, "ತಪ್ಪೇ ಇರಬಹುದು. ಆದರೆ... ಬಹಳ ದುಬಾರಿ ತಪ್ಪು. ಎಲ್ಲರ ಕೈಲೂ... ಆಗುವಂಥದ್ದಲ್ಲ."

 ತಾನು ಆಡಿದ್ದು ಅವಮಾನದ ಮಾತೋ ಅಭಿಮಾನದ ಮಾತೋ ಓನಾಡೆಲೆಗೇ ತಿಳಿಯದೆ ಹೋಯಿತು. ಏಳುವುದೋ ಬಿದ್ದೇ ಇರುವುದೋ ಎಂದು ಅರ್ಧಕ್ಕೆ ನಿಂತು, ಕೊನೆಗೆ ಮಂಡಿಯ ಮೇಲೆ ಕೂತ.

ಅಯೋಕಾ ಕೋಲಾ ಕಾಯಿ ಕಚ್ಚಿದಳು. "ಅವನಿಗೆ ಗೊತ್ತಾಗ್ದಿದ್ರೆ ಏನಂತೆ? ಅವನು ಕೆತ್ತಿ ಕೊಡೋನು. ಹರಿವಾಣ ನೋಡ್ಕೊಂಡು ಬೆಳೆದವರು ನೀವಲ್ವಾ? ಅಪ್ಪನ ಹರಿವಾಣ ಕತ್ತಲಲ್ಲಿ ಕೊಟ್ರೂ ಗುರುತು ಹಿಡೀತೀನಿ ಅಂತ ಒಂದು ವರ್ಷದಿಂದ ನನ್ನ ಕಿವಿ ತೂತು ಮಾಡಿದೀರ. ಈಗ ಬೆಳಕೂ ಇದೆ. ಹೇಳಿ."

ಅಣ್ಣ ತಮ್ಮ ಚಾಪೆಯ ಬಳಿ ಕೂತರು. ಒಬ್ಬ ಅಂಚು ಸವರಿದ, ಇನ್ನೊಬ್ಬ ತಗ್ಗಿಗೆ ಹೆಬ್ಬೆರಳು ಇಟ್ಟ. ಅದಲು ಬದಲು ಮಾಡಿ ಮತ್ತೆ ಸವರಿ 'ಹೂಂ' ಎಂದರು. ಬಹಳ ಹೊತ್ತು 'ಹೂಂ' ಎಂದರು.

"ಅಣ್ಣ ಹೇಳ್ಲಿ," ಎಂದ ಅವೊಯೆಮಿ ಕೊನೆಗೆ. "ಎಷ್ಟಾದ್ರೂ ಹಿರಿಯ. ಅಪ್ಪನ ಹರಿವಾಣ ಅವನಿಗೇ ಸೇರಬೇಕಾದ್ದು."

"ಛೆ ಛೆ," ಎಂದ ಫಾಶೀನ. ಆ ದಿನ ಅವನ ಮಾತು ಎಂದಿಗಿಂತ ಚುರುಕಾಗಿತ್ತು. "ತಮ್ಮನೇ ಹೇಳಬೇಕು. ಕೊನೆಯವರೆಗೂ ಅಪ್ಪನ ಪಕ್ಕ ಕೂತು ಗೀಟೆಳೆದವನು ಅವನು."

"ಹಿರಿಯರ ಮುಂದೆ ನಾನು ಬಾಯಿ ಬಿಡೋದುಂಟಾ?"

"ಸೇವೆ ಮಾಡಿದವನ ಮುಂದೆ ನಾನು ಏನು ಹೇಳಲಿ?"

ಒಂದು ವರ್ಷದಿಂದ ಒಬ್ಬರಿಗೊಬ್ಬರು ಕೊಡದಿದ್ದ ಮರ್ಯಾದೆಯೆಲ್ಲ ಬಡ್ಡಿ ಸಮೇತ ಚಾಪೆಯ ಮೇಲೆ ಬಿದ್ದು ಹೊರಳಾಡಿತು. ಯಾರು ಮೊದಲು ಬೆರಳು ತೋರಿಸಿದರೂ ಇನ್ನೊಬ್ಬ ಅದೇ ತನಗೆ ಬೇಕು ಎನ್ನುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

"ಇಫಾನೇ ಕೇಳ್ಬಿಡೋಣ" ಎಂದ ಅವೊಯೆಮಿ.

"ಕೇಳು," ಎಂದಳು ಅಯೋಕಾ. "ಯಾವ ಹರಿವಾಣದ ಮೇಲೆ ಕೇಳ್ತೀಯ?"

ಅವೊಯೆಮಿ ಎರಡು ಹರಿವಾಣಗಳನ್ನೂ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ.

"ಹರಿವಾಣ ಬೇಡ," ಎಂದ ಫಾಶೀನ, "ಶಕುನದ ಬೀಜದ ಸರ ಎಸೆದು... ಕೇಳಬಹುದು."

"ಎಸೆಯೋರು ಯಾರು? ನೀನು ಎಸೆದ್ರೆ ಇವನು ಒಪ್ಪಲ್ಲ, ಇವನು ಎಸೆದ್ರೆ ನೀನು ಒಪ್ಪಲ್ಲ. ಹೊರಗಿನವರನ್ನ ಕರೆಸಿದ್ರೆ, ಮನೇಲಿ ಇಬ್ಬಿಬ್ರು ಪಂಡಿತರಿದ್ದೂ ಅಪ್ಪನ ತಟ್ಟೆ ಹುಡುಕೋಕೆ ಪಕ್ಕದೂರಿನವನು ಬಂದ ಅಂತ ಸಂತೇಲಿ ನಗ್ತಾರೆ. ಹೂಂ ಅನ್ನಿ, ಕರೆಸ್ತೀನಿ."

ಯಾರೂ ಹೂಂ ಅನ್ನಲಿಲ್ಲ.

ಅಯೋಕಾ ಎದ್ದು, ಒಂದು ಹರಿವಾಣವನ್ನು ಎತ್ತಿ ಫಾಶೀನನ ತೊಡೆಯ ಮೇಲೆ, ಇನ್ನೊಂದನ್ನು ಅವೊಯೆಮಿಯ ತೊಡೆಯ ಮೇಲೆ ಕುಕ್ಕಿದಳು. "ಈ ವರ್ಷ ಹೀಗೆ. ಬರೋ ಇಫಾ ಹಬ್ಬಕ್ಕೆ ಇಬ್ರೂ ಇದೇ ಅಂಗಳದಲ್ಲಿ ಕೂತು ಜನಕ್ಕೆ ಶಕುನ ನೋಡಿ, ಸಂಜೆ ಅದಲು ಬದಲು ಮಾಡ್ಕೊಳಿ. ಮುಂದಿನ ವರ್ಷ ಮತ್ತೆ. ಅಪ್ಪನ ಹರಿವಾಣ ಇಬ್ಬರ ಮನೇಲೂ ಇರುತ್ತೆ. ಅದು ಯಾವ ವರ್ಷ ಅಂತ ಮಾತ್ರ ಗೊತ್ತಿರಲ್ಲ. ನಿಮ್ಮಪ್ಪ ಬದುಕಿದ್ದಾಗ್ಲೂ ಯಾರ ಮನೇಲಿ ಇರ್ತಿದ್ದ ಅಂತ ನಮಗೆ ಗೊತ್ತಿರ್ತಿರ್ಲಿಲ್ಲ."

ಸತ್ತ ಪಂಡಿತನಿಗೆ ಇಬ್ಬರು ಹೆಂಡಿರು. ಮಕ್ಕಳು ಅತ್ತೆಯ ಮಾತಿಗೆ ಎದುರಾಡಲಿಲ್ಲ. ಹರಿವಾಣ ತೊಡೆಯ ಮೇಲಿದ್ದುದರಿಂದ ಅವೊಯೆಮಿಗೆ ಅಣ್ಣನಿಗೆ ಪೂರ್ತಿ ಅಡ್ಡಬೀಳಲು ಆಗಲಿಲ್ಲ. ಕೂತಲ್ಲೇ ಸೊಂಟ ಬಗ್ಗಿಸಿದ. ಫಾಶೀನ ಅದನ್ನೇ ಪೂರ್ತಿ ಎಂದು ಲೆಕ್ಕಕ್ಕೆ ಹಿಡಿದ.

ಇದರಿಂದ ಊರಿಗೊಂದು ತೊಂದರೆಯಾಯಿತು. ಓನಾಡೆಲೆಯ ಅಪ್ಪನ ಕೈ ಬೇರೆ ಎಂದು ಇನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಎರಡರಲ್ಲೊಂದು ಹರಿವಾಣ ಕಳಪೆ ಎಂದಂತೆ. ಆಗ ಇಬ್ಬರು ಪಂಡಿತರೂ ಅದು ತನ್ನ ಬಳಿ ಇರುವುದೇ ಎಂದುಕೊಂಡು ಮುನಿಸಿಕೊಳ್ಳುತ್ತಿದ್ದರು. ಮುನಿಸಿಕೊಂಡ ಪಂಡಿತರಲ್ಲಿ ಮಗಳ ಮದುವೆಯ ದಿನ ಕೇಳುವುದು ಹೇಗೆ? ಜನ ಮಾತು ನುಂಗಿಕೊಂಡರು. ಮಳೆಗಾಲ ಬರುವ ಹೊತ್ತಿಗೆ ಓನಾಡೆಲೆಯ ಚಪ್ಪರದಲ್ಲಿ ಬೇರೆ ಊರಿನವರೂ ಕೂತು ಹರಿವಾಣ ಮಾಡಿಸುತ್ತಿದ್ದರು. "ಕೈ ಅಪ್ಪನದೇ," ಎನ್ನುತ್ತಿದ್ದರು ಹೊಸದನ್ನು ಸವರುತ್ತಾ. "ಆದ್ರೆ ನಾರು ಕಟ್ಟಿದ್ದು ಮರೆಯೋನಲ್ಲ ನಿಮ್ಮಪ್ಪ." ಮರೆತದ್ದು ನಾನಲ್ಲ ಎಂದು ಓನಾಡೆಲೆ ಅನ್ನಬಹುದಿತ್ತು. ಒಳಗೆ ಮೊರೆನಿಕೆ ಗೆಣಸು ಕುಟ್ಟುತ್ತಿದ್ದಳು. ಅವನು ಬಾಚಿ ಎತ್ತಿಕೊಂಡ.

ಇಫಾ ಹಬ್ಬದ ದಿನ ಪಂಡಿತರ ಅಂಗಳ ತುಂಬಿತ್ತು. ಬಲಗಡೆ ಫಾಶೀನ, ಎಡಗಡೆ ಅವೊಯೆಮಿ, ಇಬ್ಬರ ಮುಂದೆಯೂ ಹರಿವಾಣ, ಎರಡು ಸಾಲು ಜನ. ಓನಾಡೆಲೆ ಗೋಡೆಯ ಪಕ್ಕದ ನೆರಳಲ್ಲಿ ಕೂತಿದ್ದ. ಹುಡಿಯ ಮೇಲೆ ಬೆರಳು ಓಡುವುದು ಅಲ್ಲಿಂದಲೇ ಕಾಣುತ್ತಿತ್ತು. ಬೆಳಗಿನಿಂದ ಅವನು ಬಲಗಡೆಯದನ್ನು ಒಮ್ಮೆ, ಎಡಗಡೆಯದನ್ನು ಒಮ್ಮೆ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಚಟ ತಾನಾಗಿ ನಿಂತು, ಸಾಲಿನಲ್ಲಿ ಯಾರು ಯಾರು ಬಂದಿದ್ದಾರೆ ಎಂದು ನೋಡತೊಡಗಿದ್ದ.

ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸೊಬ್ಬಳು ದೂರದ ಹಳ್ಳಿಯಿಂದ ಬಂದು ಎರಡು ಸಾಲುಗಳ ನಡುವೆ ನಿಂತು ತಬ್ಬಿಬ್ಬಾಗಿದ್ದಳು. ಮಗುವಿಗೆ ಮೈ ಕಾದಿತ್ತು. ಯಾರೋ ಅವಳಿಗೆ ಓನಾಡೆಲೆಯತ್ತ ಕೈ ತೋರಿಸಿದರು. ಅವಳು ಬಂದು ಮಂಡಿಯೂರಿದಳು.

"ಅಪ್ಪಾ, ನೀವೇ ಅಂತೆ ಕೆತ್ತಿದ್ದು. ಯಾವುದು ನಿಜವಾದ ಹರಿವಾಣ, ನನ್ನೊಬ್ಬಳಿಗೆ ಹೇಳಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಮಗೂದು ನೋಡಿಸ್ಬೇಕು."

ಓನಾಡೆಲೆ ಮಗುವಿನ ಹಣೆ ಮುಟ್ಟಿ ನೋಡಿದ. ಆಮೇಲೆ ಕತ್ತು ಉದ್ದ ಮಾಡಿ ಎರಡೂ ಸಾಲುಗಳನ್ನು ಅಳೆದ.

"ಎಡಗಡೆ ಜನ ಕಮ್ಮಿ ಇದಾರೆ ತಾಯಿ. ಅಲ್ಲಿ ಹೋಗಿ ಕೂತ್ಕೋ. ಮಗೂಗೆ ಬಿಸಿಲು ತಾಗದ ಹಾಗೆ ನೋಡ್ಕೋ."

ಅವಳು ಎದ್ದು ಹೋಗಿ ಎಡಗಡೆಯ ಸಾಲಿನಲ್ಲಿ ಕೂತಳು.